ನಾಲ್ಕು ತಿಂಗಳ ಕೂಸಿಗೆ ಓದಿ ಹೇಳುವಾಗ ಅರ್ಧಕ್ಕೇ ಮುಖ ತಿರುಗಿಸುತ್ತದೆ, ಏನು ಮಾಡಬೇಕು?

ಹಾಳೆಮರಿ: ಮಗುವಿಗೆ ನಾಲ್ಕು ತಿಂಗಳು ತುಂಬಿದೆ. ದಿನಾ ಚಿತ್ರಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತೇವೆ. ಎರಡು ಪುಟ ಆಗುವಷ್ಟರಲ್ಲಿ ಮುಖ ಆ ಕಡೆ, ಇಲ್ಲವೇ ಪುಸ್ತಕದ ಮೂಲೆ ಬಾಯಿಗೆ. ಎಷ್ಟು ಹೊತ್ತು ಓದಬೇಕು, ಪುಸ್ತಕ ಎಷ್ಟು ದೂರ ಇರಬೇಕು? ಪುಸ್ತಕದಲ್ಲಿ ಇದ್ದಂತೆಯೇ ಓದಬೇಕೋ, ಆಡುಮಾತಿಗೆ ತಿರುಗಿಸಿಕೊಳ್ಳಬೇಕೋ? ಅರ್ಥವಾಗದ ವಯಸ್ಸಿನಲ್ಲಿ ಇದರಿಂದ ಪ್ರಯೋಜನ ಇದೆಯೇ?

ಮಡಿಲೋದು: ಮುಖ ತಿರುಗಿಸಿತು ಅಂದರೆ ಪುಸ್ತಕ ಬೇಡ ಅಂತಲೇ ಅಲ್ಲ. ಈ ವಯಸ್ಸಿನ ಕೂಸುಗಳು ನೋಡಿದ್ದು, ಕೇಳಿದ್ದು ಹೆಚ್ಚಾದಾಗ ಬೇರೆ ಕಡೆ ನೋಡಿ ಸುಧಾರಿಸಿಕೊಳ್ಳುತ್ತವೆ. ಆಗ ಪುಸ್ತಕವನ್ನು ಮುಖದ ಹಿಂದೆಯೇ ಒಯ್ಯುವುದು, ದನಿ ಏರಿಸುವುದು, ಪುಟ ಪಟಪಟ ತಿರುಗಿಸುವುದು ದೊಡ್ಡ ತಪ್ಪು. ಸುಮ್ಮನಿರಿ, ನಿಧಾನಕ್ಕೆ ಹತ್ತು ಎಣಿಸಿ. ತಾನಾಗಿ ತಿರುಗಿ ನೋಡಿದರೆ ಬಿಟ್ಟಲ್ಲಿಂದ ಓದಿ. ಬೆನ್ನು ಬಿಲ್ಲಿನಂತೆ ಬಾಗಿಸಿದರೆ, ಮತ್ತೆ ಮತ್ತೆ ಆಕಳಿಸಿದರೆ, ಕೊಸರಾಡಿದರೆ ಮುಚ್ಚಿಡಿ. ಮುಗಿಸಲೇಬೇಕು ಅನ್ನುವ ಹಟ ಬೇಡ.

ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು, ದಿನಕ್ಕೆ ಮೂರು ನಾಲ್ಕು ಸಲ ಆಗಲಿ. ಹಾಲು ಕುಡಿದು, ಒದ್ದೆ ಬಟ್ಟೆ ಬದಲಾಗಿ, ಕಣ್ಣು ಅರಳಿಸಿಕೊಂಡು ಶಾಂತವಾಗಿರುವ ಹೊತ್ತು ಆರಿಸಿ. ಟಿವಿ ಆರಿಸಿಬಿಡಿ. ಹಿನ್ನೆಲೆಯ ಸದ್ದಿನಿಂದ ನಿಮ್ಮ ದನಿಯನ್ನು ಬೇರ್ಪಡಿಸಿ ಕೇಳುವುದು ದೊಡ್ಡವರಿಗಿಂತ ಕೂಸಿಗೆ ಬಹಳ ಕಷ್ಟ.

ಹುಟ್ಟಿದ ಹೊಸತರಲ್ಲಿ ಕೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂ.ಮೀ. ದೂರದ್ದು. ನಾಲ್ಕು ತಿಂಗಳಿಗೆ ಇನ್ನೂ ದೂರ ಕಾಣುತ್ತದೆ, ಆದರೂ 30 ಸೆಂ.ಮೀ. ಅನುಕೂಲ. ಅದಕ್ಕಿಂತ ಮುಖ್ಯವಾದದ್ದು ಕೂರಿಸುವ ರೀತಿ. ಬೆನ್ನು ನಿಮ್ಮ ಎದೆಗೆ ಒರಗಿಸಿ ಕೂರಿಸಿದರೆ ಪುಟ ಕಾಣುತ್ತದೆ, ನಿಮ್ಮ ಮುಖ ಕಾಣುವುದಿಲ್ಲ. ತೋಳಿನ ಮಡಿಕೆಯಲ್ಲಿ ಓರೆಯಾಗಿ ಒರಗಿಸಿ, ಪುಸ್ತಕವನ್ನು ನಿಮ್ಮ ಗಲ್ಲದ ಪಕ್ಕಕ್ಕೆ ಹಿಡಿಯಿರಿ. ಈ ತಿಂಗಳುಗಳಲ್ಲಿ ಕೂಸುಗಳು ಮಾತಾಡುವವರ ಬಾಯಿಯನ್ನೇ ಹೆಚ್ಚು ಹೆಚ್ಚಾಗಿ ದಿಟ್ಟಿಸತೊಡಗುತ್ತವೆ, ಅದು ಮರೆಯಾಗಬಾರದು. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ನುಣುಪು ಹಾಳೆ ಹೊಳೆದರೆ ಪುಸ್ತಕವನ್ನು ಸ್ವಲ್ಪ ವಾಲಿಸಿ.

ಸ್ವರಸಂಧಿ: ಪ್ರಯೋಜನದ ಬಗ್ಗೆ: ಒಂದು ಅಧ್ಯಯನದಲ್ಲಿ ಬಸಿರಿನ ಕೊನೆಯ ಆರು ವಾರ ತಾಯಂದಿರು ದಿನವೂ ಒಂದೇ ಕಥೆಯನ್ನು ಗಟ್ಟಿಯಾಗಿ ಓದಿದ್ದರು. ಹುಟ್ಟಿದ ಮೇಲೆ ಕೂಸುಗಳು ಹೊಸ ಕಥೆಗಿಂತ ಆ ಕಥೆಯನ್ನೇ ಬಯಸಿದವು, ಓದಿದ ದನಿ ಬೇರೆಯವರದಾಗಿದ್ದರೂ. ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಇದನ್ನು 1986ರಲ್ಲಿ ಪ್ರಕಟಿಸಿದರು. ಅರ್ಥ ತಿಳಿಯುವ ಮೊದಲೇ ಮಾತಿನ ಲಯ ಕಿವಿಯಲ್ಲಿ ಕೂರುತ್ತದೆ. ಆದ್ದರಿಂದ ದಿನಕ್ಕೊಂದು ಹೊಸ ಪುಸ್ತಕ ಬೇಕಿಲ್ಲ, ಎರಡು ಮೂರು ಪುಸ್ತಕಗಳನ್ನೇ ವಾರಗಟ್ಟಲೆ ಓದಿ.

ಪುಸ್ತಕದ ಭಾಷೆ ಇದ್ದಂತೆಯೇ ಇರಲಿ. ದಿನದ ಮಾತಿನಲ್ಲಿ ಬಾರದ ಪದಗಳು ಕೂಸಿನ ಕಿವಿಗೆ ಬೀಳುವುದೇ ಹಾಗೆ. ಒಂದು ಸಾಲು ಓದಿ, ಚಿತ್ರ ತೋರಿಸಿ, ಆಡುಮಾತಿನಲ್ಲಿ ಒಂದು ಮಾತು ಸೇರಿಸಿ: "ಓ, ನೋಡು, ಕರು ಓಡ್ತಾ ಇದೆ!" ಆಮೇಲೆ ಐದು ಸೆಕೆಂಡು ಬಾಯಿ ಮುಚ್ಚಿ ಅದರ ಮುಖ ನೋಡಿ. "ಆ", "ಊ" ಅಂದರೆ ಅದೇ ಸದ್ದನ್ನು ತಿರುಗಿ ಹೇಳಿ. ಈ ಕೊಡುಕೊಳ್ಳುವಿಕೆ ಇಲ್ಲದೆ ಒಂದೇ ಉಸಿರಿಗೆ ಓದಿಕೊಂಡು ಹೋದರೆ ಅರ್ಧ ಫಲ ಕಳೆದಂತೆ.

ದನಿ ಸ್ವಲ್ಪ ಮೇಲಿನ ಸ್ಥಾಯಿಯಲ್ಲಿ, ನಿಧಾನವಾಗಿ ಇರಲಿ. ಆದರೆ ಕನ್ನಡದಲ್ಲಿ ಒಂದು ಎಚ್ಚರ ಬೇಕು. ಮುದ್ದಿಗೆಂದು ಎಲ್ಲ ಸ್ವರವನ್ನೂ ಎಳೆಯಬೇಡಿ. ಕರುವನ್ನು ಎಳೆದರೆ ಕಾರು ಆಗಿಬಿಡುತ್ತದೆ. ದೀರ್ಘ ಇದ್ದಲ್ಲಿ ಧಾರಾಳವಾಗಿ ಎಳೆಯಿರಿ, ಹ್ರಸ್ವ ಹ್ರಸ್ವವಾಗಿಯೇ ಉಳಿಯಲಿ.

ರಟ್ಟುಪುಟ: ಮೂಲೆ ಕಡಿಯುವುದನ್ನು ತಡೆಯಬೇಡಿ, ಈ ವಯಸ್ಸಿನಲ್ಲಿ ಬಾಯಿಯಿಂದಲೇ ಪರೀಕ್ಷೆ. ಓದುವುದಕ್ಕೆ ಒಂದು, ಕೈಗೆ ಕೊಡುವುದಕ್ಕೆ ಒಂದು ಇಟ್ಟುಕೊಳ್ಳಿ. ದಪ್ಪ ರಟ್ಟಿನ ಹಾಳೆ, ಗುಂಡಗಿನ ಮೂಲೆ, ಪುಟಕ್ಕೆ ಒಂದೇ ದೊಡ್ಡ ಚಿತ್ರ, ಅದರ ಹಿನ್ನೆಲೆ ಖಾಲಿ. ಅಂಟಿಸಿದ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಇದ್ದರೆ ಬೇಡ, ಕಿತ್ತು ಬಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸದ್ದು ಮಾಡುವ ಪುಸ್ತಕವಾದರೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ರಟ್ಟಿನ ಪುಸ್ತಕವನ್ನು ತೊಳೆಯಬೇಡಿ, ಉಬ್ಬಿ ಪದರ ಬಿಡುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಪುಟ ಬಿಡಿಸಿ ನಿಲ್ಲಿಸಿ ಒಣಗಿಸಿ. ಪದರ ಎದ್ದ ಮೂಲೆ ಬಾಯಿಯಲ್ಲಿ ತುಂಡಾಗುತ್ತದೆ, ಅಂಥದ್ದನ್ನು ಕೂಸಿನ ಕೈಗೆ ಕೊಡಬೇಡಿ.

ಹಾಳೆಮರಿ: ತುಂಬಾ ಉಪಕಾರ. ಅಂಗಾತ ಮಲಗಿಸಿ ಓದಬಹುದೇ?

ಮಡಿಲೋದು: ಓದಬಹುದು. ಪಕ್ಕದಲ್ಲಿ ನೀವೂ ಮಲಗಿ, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿಯಿರಿ. ರಟ್ಟಿನದು ಜಾರಿದರೆ ನೇರ ಮುಖದ ಮೇಲೆ. ನಿದ್ದೆ ಬಂದ ಕೂಡಲೇ ಪುಸ್ತಕ ಎತ್ತಿಡಿ. ಬಟ್ಟೆಯ ಪುಸ್ತಕವನ್ನೂ ತೊಟ್ಟಿಲಲ್ಲಿ ಬಿಡಬೇಡಿ, ಮೂಗು ಮುಚ್ಚಿದರೆ ಸರಿಸಿಕೊಳ್ಳಲು ಕೂಸಿಗೆ ಇನ್ನೂ ಬರುವುದಿಲ್ಲ.