ಮೂಡಿಗೆರೆ ಮನೆಯ ರೇಡಿಯೊ ಸೆಟ್ಟಿಗೆ ಹೊಸ ಬೋರ್ಡು

ಹಾಸನದ ಭಾವ: ಮನೆಯವರ ಈ ಗುಂಪಿಗೆ ನಾನು ಹಾಕಿದ ಚಿತ್ರವನ್ನು ಎಲ್ಲರೂ ನೋಡಿ. ಮೂಡಿಗೆರೆ ಮನೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಸೆಟ್ಟಿನಿಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ತೆಗೆದು, ಅದೇ ಜಾಗದಲ್ಲಿ ಪೈ 5 ಕೂರಿಸಿದ್ದೇನೆ. ಒಳಗಿದ್ದ ಹಳೆಯ 5 ವೋಲ್ಟ್ ರೆಗ್ಯುಲೇಟರಿನಿಂದಲೇ (ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಭಾಗ) ಬೋರ್ಡಿನ ಪಿನ್ನುಗಳಿಗೆ ಕರೆಂಟು ಕೊಟ್ಟಿದ್ದೇನೆ. ಎಫ್‌ಟಿ8 (ಕ್ಷೀಣ ಸಂಕೇತದಲ್ಲೂ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಸಂದೇಶಗಳು ಮೊದಲಿಗಿಂತ ಬೇಗ ಪರದೆಗೆ ಬರುತ್ತಿವೆ.

ನಾನು: ಭಾವ, ಕೆಲಸ ಅಚ್ಚುಕಟ್ಟಾಗಿದೆ, ಆದರೆ ಕರೆಂಟು ಕೊಟ್ಟ ಬಗೆಯನ್ನು ನಾನು ಒಪ್ಪಲಾರೆ. ತಯಾರಕರು ಪೈ 4ಕ್ಕೆ ಹೇಳಿದ್ದು 5.1 ವೋಲ್ಟಿನಲ್ಲಿ 3 ಆಂಪ್. 2023ರಲ್ಲಿ ಬಂದ ಪೈ 5ಕ್ಕೆ ಹೇಳಿದ್ದು 5 ಆಂಪ್. ಬೋರ್ಡು ಸದಾ ಅಷ್ಟನ್ನು ಎಳೆಯುವುದಿಲ್ಲ ನಿಜ, ಆದರೆ ಎಫ್‌ಟಿ8ರಲ್ಲಿ 15 ಸೆಕೆಂಡಿನ ಪ್ರತಿ ಸರದಿಯ ಕೊನೆಗೆ ಸಂದೇಶ ಬಿಡಿಸುವ ಕೆಲಸವೆಲ್ಲ ಒಮ್ಮೆಗೇ ಬೀಳುವುದರಿಂದ ಬೇಡಿಕೆಯೂ ಆಗಲೇ ಜಿಗಿಯುತ್ತದೆ. ಚಿತ್ರದಲ್ಲಿರುವಂಥ ತೆಳು ಜಂಪರ್ ತಂತಿಯಲ್ಲಿ 0.1 ಓಮ್ ಪ್ರತಿರೋಧವಿದ್ದರೂ 4 ಆಂಪಿಗೆ 0.4 ವೋಲ್ಟ್ ದಾರಿಯಲ್ಲೇ ಕಳೆದು, ಪಿನ್ನಿಗೆ 4.6 ಮಾತ್ರ ತಲುಪುತ್ತದೆ.

ಹಾಸನದ ಭಾವ: 5 ಆಂಪ್ ಸಾಲದೆಂಬ ಎಚ್ಚರಿಕೆ ಬಂದಿತ್ತು. ಪೈಯ ಕಾನ್ಫಿಗ್ (ಸೆಟ್ಟಿಂಗಿನ) ಫೈಲಿನಲ್ಲಿ ಯುಎಸ್‌ಬಿ ಮಿತಿ ಸಡಿಲಿಸುವ ಸಾಲನ್ನು ಸೇರಿಸಿದ ಮೇಲೆ ಹೋಯಿತು.

ನಾನು: ಹೋದದ್ದು ಎಚ್ಚರಿಕೆ ಮಾತ್ರ, ಭಾವ. ಪಿನ್ನಿನ ಮೂಲಕ ಕರೆಂಟು ಕೊಟ್ಟಾಗ ಪೈ 5ಕ್ಕೆ ಪೂರೈಕೆಯ ಸಾಮರ್ಥ್ಯ ಎಷ್ಟೆಂದು ವಿಚಾರಿಸುವ ದಾರಿಯಿಲ್ಲ. ಆದ್ದರಿಂದಲೇ ಅದು ಯುಎಸ್‌ಬಿ ಸಾಧನಗಳಿಗೆಲ್ಲ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. ನೀವು ಆ ಮಿತಿಯನ್ನು 1.6 ಆಂಪಿಗೆ ಏರಿಸಿ, ಮೊದಲೇ ಬಳಲಿದ ರೆಗ್ಯುಲೇಟರಿನ ಮೇಲೆ ಇನ್ನಷ್ಟು ಭಾರ ಹೇರಿದಂತಾಗಿದೆ.

ಮೂಡಿಗೆರೆ ಚಿಕ್ಕಪ್ಪ: ಅವನು ಹೇಳುವುದು ಸರಿಯಿರಬೇಕು. ನಿನ್ನೆ ಸಂಜೆ ಎರಡು ಸಲ ಸರದಿ ಮುಗಿಯುವ ಹೊತ್ತಿಗೇ ಪರದೆ ಆರಿ, ಪೈ ಮೊದಲಿನಿಂದ ಶುರುವಾಯಿತು. 2019ರ ಆಗಸ್ಟ್ ಮಳೆಗೆ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದ ಮೇಲೆ ನಾವೆಲ್ಲ ದುಡ್ಡು ಕೂಡಿಸಿ ಈ ಸೆಟ್ಟು ತಂದದ್ದು. ಮಳೆಗಾಲದಲ್ಲಿ ಅದು ಕೈಕೊಡಬಾರದು.

ಹಾಸನದ ಭಾವ: ಹಾಗಾದರೆ ಕಾರಿನ ಚಾರ್ಜರ್ ಬಿಚ್ಚಿ ಅದರ ಬೋರ್ಡನ್ನು ಒಳಗೆ ಕೂರಿಸುತ್ತೇನೆ.

ನಾನು: ದಯವಿಟ್ಟು ಬೇಡ. ಅಂಥ ಚಾರ್ಜರ್ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ ಕನ್ವರ್ಟರು; ರೇಡಿಯೊದೊಳಗೆ ಆ ಸ್ವಿಚಿಂಗ್ ಸದ್ದು ಎಷ್ಟು ಕಾಡುತ್ತದೆಂಬುದು ಚಿಕ್ಕಪ್ಪನಿಗೆ ಗೊತ್ತು. ಅಗ್ಗದ ಕನ್ವರ್ಟರಿನ ಹಾರ್ಮಾನಿಕ್‌ಗಳು (ಸ್ವಿಚಿಂಗ್ ಆವರ್ತನದ ಗುಣಕಗಳು) 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲೇ ಕೂತರೆ, ದೂರದ ಕ್ಷೀಣ ದನಿಗಳು ಅದರಡಿ ಮುಚ್ಚಿಹೋಗುತ್ತವೆ. ಸದ್ದಿಲ್ಲದ ಲೀನಿಯರ್ ರೆಗ್ಯುಲೇಟರ್ ಹಾಕೋಣವೆಂದರೆ ಸೆಟ್ಟಿನ 13.8 ವೋಲ್ಟಿನಿಂದ 5.1ಕ್ಕೆ ಇಳಿಸುವಾಗ 4 ಆಂಪಿಗೆ ಸುಮಾರು 35 ವ್ಯಾಟ್ ಬರೀ ಶಾಖವಾಗುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಸೆಟ್ಟಿಗೆ ಅದು ಸಲ್ಲದು. ಆದ್ದರಿಂದ 5 ಆಂಪ್ ತಾಳುವ ಒಳ್ಳೆಯ ಬಕ್ ಕನ್ವರ್ಟರನ್ನು (ಸ್ವಿಚಿಂಗ್ ಬಗೆಯದೇ, ಆದರೆ ಶಾಖ ಕಡಿಮೆ) ಲೋಹದ ಡಬ್ಬಿಯಲ್ಲಿಟ್ಟು, ಎರಡೂ ಬದಿಗೆ ಫಿಲ್ಟರ್ ಹಾಕಿ, ಗಿಡ್ಡ ದಪ್ಪ ತಂತಿಗಳನ್ನು ಎರಡೂ 5 ವೋಲ್ಟ್ ಪಿನ್ನುಗಳಿಗೂ ಒಂದಕ್ಕಿಂತ ಹೆಚ್ಚು ಗ್ರೌಂಡ್ ಪಿನ್ನುಗಳಿಗೂ ಎಳೆಯೋಣ. ಪಿನ್ನಿನ ಹತ್ತಿರ ಪೊಲಾರಿಟಿಯನ್ನು (ಪ್ಲಸ್-ಮೈನಸ್) ಎರಡೆರಡು ಬಾರಿ ನೋಡಬೇಕು, ಅಲ್ಲಿ ತಪ್ಪಿದರೆ ಬೋರ್ಡೇ ಹೋಗುತ್ತದೆ.

ಮೂಡಿಗೆರೆ ಚಿಕ್ಕಪ್ಪ: ಭಾನುವಾರ ಇಬ್ಬರೂ ಮಲ್ಟಿಮೀಟರ್ ಹಿಡಿದು ಬನ್ನಿ. ಕನ್ವರ್ಟರ್ ಹಾಕಿದಾಗ ರೇಡಿಯೊದ ಸಿಗ್ನಲ್ ಮೀಟರಿನಲ್ಲಿ ಸದ್ದು ಏರದಿದ್ದರೆ ಮಾತ್ರ ನಾನು ಒಪ್ಪುತ್ತೇನೆ. ಅಲ್ಲಿಯವರೆಗೆ ಪೈ 4 ಇರಲಿ.

ಹಾಸನದ ಭಾವ: ಆಗಲಿ ಮಾವ. ಇವತ್ತು ಸಂಜೆಯೇ ಬಂದು ಅದನ್ನು ಮರಳಿ ಕೂರಿಸುತ್ತೇನೆ.