ಅಪ್‌ಡೇಟ್: ಡೆಫ್‌ಕಾನ್ ಆಟದಲ್ಲಿ ಕೊನೆಗೂ ಯುರೋಪ್ ಉಳೀತು

ಹೋದ ವಾರ ಕೇಳಿದ್ದೆನಲ್ಲ, 2006ರಲ್ಲಿ ಬಂದ, ಅಣುಯುದ್ಧ ನಡೆಸೋ ಡೆಫ್‌ಕಾನ್ ಕಂಪ್ಯೂಟರ್ ಆಟದಲ್ಲಿ ಯುರೋಪ್ ತಗೊಂಡು ರಷ್ಯಾ ಎದುರು ಆಡಿದಾಗಲೆಲ್ಲ ನನ್ನ ನಗರಗಳು ಒಂದೂ ಉಳೀತಿಲ್ಲ ಅಂತ. ನಿನ್ನೆ ರಾತ್ರಿ ಗೆದ್ದೆ! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಡೆಫ್‌ಕಾನ್ 1 (ಅಣು ಕ್ಷಿಪಣಿ ಹಾರಿಸೋಕೆ ಬಿಡೋ ಕೊನೆಯ ಹಂತ) ಆದ ತಕ್ಷಣ ಎಲ್ಲಾ ಸೈಲೋಗಳಿಂದ (ಕ್ಷಿಪಣಿ ನೆಲೆಗಳಿಂದ) ಒಟ್ಟಿಗೆ ಹಾರಿಸಿ" ಅನ್ನೋ ಸಲಹೆಯನ್ನ ಎರಡು ಸಲ ಮಾಡಿ ನೋಡಿದೆ, ಕೆಲಸ ಮಾಡಲಿಲ್ಲ. ಕ್ಷಿಪಣಿ ಹಾರಿಸಿದ ಸೈಲೋ ಎಲ್ಲರ ಕಣ್ಣಿಗೂ ಬೀಳುತ್ತೆ. ಅದಕ್ಕಿಂತ ಮುಖ್ಯ, ದಾಳಿಯ ಸ್ಥಿತಿಗೆ ಬದಲಾದ ಸೈಲೋ ಬರೋ ಕ್ಷಿಪಣಿಗಳನ್ನ ಹೊಡೆಯೋದೇ ಇಲ್ಲ. ನಾನು ಆರನ್ನೂ ಒಟ್ಟಿಗೆ ಬದಲಾಯಿಸಿ, ನನ್ನ ಛತ್ರಿಯನ್ನ ನಾನೇ ಮಡಚಿಟ್ಟಿದ್ದೆ. ತಪ್ಪು ಇದ್ದದ್ದು ಇಲ್ಲೇ.

ಫಲ ಕೊಟ್ಟಿದ್ದು "ಕಾಯಿರಿ" ಅಂದವರ ಮಾತು. ಸೈಲೋಗಳನ್ನ ಹತ್ತಿರ ಹತ್ತಿರ ಇಟ್ಟು, ರಕ್ಷಣೆಯಲ್ಲೇ ಬಿಟ್ಟೆ. ಮೊದಲು ರಷ್ಯಾ ಹಾರಿಸಿತು. ಕ್ಷಿಪಣಿಗಳ ಗೆರೆಗಳು ಪೋಲೆಂಡ್ ದಾಟಿ ಬರ್ತಾ ಒಂದೊಂದಾಗಿ ಆರಿಹೋದವು. ಆಮೇಲೆ ಉತ್ತರದ ಸಮುದ್ರದಲ್ಲಿ ಅಡಗಿಸಿದ್ದ ಸಬ್‌ಮರೀನ್‌ಗಳಿಂದ ಹೊಡೆದೆ, ಕೊನೆಗೆ ಸೈಲೋಗಳನ್ನ ಎರಡೆರಡಾಗಿ ದಾಳಿಗೆ ಬದಲಾಯಿಸಿದೆ.

ನನಗೆ ಮೊದಲು ಗೊತ್ತಿರದ ಒಂದು ವಿಷಯ: ಮಾಮೂಲಿ ಅಂಕ ಪದ್ಧತಿಯಲ್ಲಿ ಎದುರಾಳಿಯ ಹತ್ತು ಲಕ್ಷ ಜನ ಸತ್ತರೆ ಎರಡು ಅಂಕ ಸಿಗುತ್ತೆ, ನಮ್ಮವರು ಅಷ್ಟು ಸತ್ತರೆ ಒಂದು ಹೋಗುತ್ತೆ. ಹಾಗಾಗಿ ಬರೀ ಕಾಯ್ತಾ ಕೂತರೂ ಆಗಲ್ಲ.

ಗೆದ್ದರೂ ಲಂಡನ್ ಹೋಯ್ತು. ಆ ಸಾವಿನ ಸಂಖ್ಯೆ ಪರದೆ ಮೇಲೆ ಬಂದಾಗ ಮೌಸ್‌ನಿಂದ ಕೈ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.