ಅಪ್‌ಡೇಟ್: ಕಾರ್ಡ್ ಆಡಿ ನಗರ ಕಟ್ಟುವ ಆಟದಲ್ಲಿ ಆಹಾರ ಖಾಲಿಯಾಗುವ ಸಮಸ್ಯೆ ಬಗೆಹರಿಯಿತು
ಡೆಕ್ (ಆಡುವ ಕಾರ್ಡ್‌ಗಳ ಕಟ್ಟು) ಕಟ್ಟುತ್ತಾ ನಗರ ನಡೆಸುವ ರೋಗ್‌ಲೈಟ್ (ಸೋತರೆ ಮೊದಲಿನಿಂದ ಶುರು, ಆದರೆ ಅನ್‌ಲಾಕ್ ಮಾಡಿದ್ದು ಉಳಿಯುತ್ತದೆ) ಆಟದಲ್ಲಿ ಜನ ಜಾಸ್ತಿಯಾದ ತಕ್ಷಣ ಆಹಾರ ಮುಗಿದು ರನ್ (ಶುರುವಿನಿಂದ ಕೊನೆವರೆಗಿನ ಒಂದು ಆಟ) ಸೋಲುತ್ತಿದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೂ ಗೆದ್ದೆ!

ಕೈ ಹಿಡಿದಿದ್ದು "ಡೆಕ್ ಸಣ್ಣದು ಮಾಡಿ" ಎಂಬ ಸಲಹೆ. ಪ್ರತಿ ಸರದಿಗೆ ಬರೋದು 5 ಕಾರ್ಡ್, ಡೆಕ್‌ನಲ್ಲಿ 30 ಇದ್ದರೆ ಪೂರ್ತಿ ಒಂದು ಸುತ್ತು ಬರಲು 6 ಸರದಿ ಬೇಕು, 15 ಇದ್ದರೆ 3 ಸಾಕು, ಅಂದರೆ ಆಹಾರ ಕೊಡುವ ಅದೇ ಒಂದು ಸುಗ್ಗಿ ಕಾರ್ಡ್ ಎರಡು ಪಟ್ಟು ಬೇಗ ಕೈಗೆ ಬರುತ್ತದೆ. ಹಾಗಾಗಿ ಬಹುಮಾನದ ಕಾರ್ಡ್ ಬೇಡ ಅನಿಸಿದರೆ ಬಿಟ್ಟುಬಿಡಿ. ಆಟದ ಅಂಗಡಿಯಲ್ಲಿ ಮೊದಲು ಡೆಕ್‌ನಿಂದ ಬೇಡದ ಕಾರ್ಡ್ ತೆಗೆಸುವುದಕ್ಕೇ ಚಿನ್ನ ಖರ್ಚು ಮಾಡಿ.

"ಇನ್ನೂ ಹೊಲ ಹಾಕಿ" ಎಂಬ ಸಲಹೆ ನನಗೆ ಉಪಯೋಗವಾಗಲಿಲ್ಲ. ಹೊಲಕ್ಕೆ ಕೆಲಸಗಾರರು ಬೇಕು, ಅವರಿಗೆ ಮನೆ ಬೇಕು, ಅವರೂ ತಿನ್ನುತ್ತಾರೆ ಅಲ್ವಾ? ಉಗ್ರಾಣ ಮೊದಲೇ ಕಟ್ಟುವುದೂ ಅಷ್ಟೇ, ತುಂಬಲು ಏನೂ ಇರಲಿಲ್ಲ.

ಅಚ್ಚರಿಯಾಗಿದ್ದು ಇನ್ನೊಂದು. ರನ್‌ಗಳ ನಡುವೆ ಅನ್‌ಲಾಕ್ ಮಾಡಿದ ಹೊಸ ಕಾರ್ಡ್‌ಗಳೆಲ್ಲ ಬಹುಮಾನವಾಗಿ ಬರಬಹುದಾದ ಕಾರ್ಡ್‌ಗಳ ಗುಂಪಿಗೇ ಸೇರುತ್ತವೆ, ಆದ್ದರಿಂದ ಬೇಕಾದ ಕಾರ್ಡ್ ಸಿಗುವುದು ಕಡಿಮೆಯಾಗುತ್ತದೆ. ಸುಮ್ನೆ ಎಲ್ಲವನ್ನೂ ತೆರೆಯಬೇಡಿ, ನಿಮ್ಮ ಆಟಕ್ಕೆ ಹೊಂದುವುದನ್ನು ಮಾತ್ರ ತೆರೆಯಿರಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.